ಒಡೆದ ಕೈಯಲ್ಲಿ ಎಮ್ಮೆ ಕೊಂಡದ್ದು

ಎಮ್ಮೆ ಕೊಳ್ಳುವುದು ಅಂಥ ದೊಡ್ಡ ವಿದ್ಯೆಯೇನಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಕಾಲು, ಕೊಂಬು, ಕೆಚ್ಚಲು ಇರಬೇಕಾದ ಜಾಗದಲ್ಲಿ ಇವೆಯೋ ಇಲ್ಲವೋ ನೋಡುವುದು, ಶಲ್ಯದ ಕೆಳಗೆ ಕೈ ಹಾಕಿ ಬೆಲೆ ಕುದುರಿಸುವುದು, ಹಗ್ಗ ಹಿಡಿದು ಮನೆಗೆ ಬರುವುದು. ಇಷ್ಟಕ್ಕೆ ಯಾರ ಸಲಹೆ ಬೇಕು? ಅದರಲ್ಲೂ ಹೆಂಡತಿಯ ಸಲಹೆ!

ಆಗ ನಿಜಾಮ ಸರಕಾರದ ಕಾಲ. ತಾಂಡೂರಿನಲ್ಲಿ ನನ್ನದು ಹಾಸುಗಲ್ಲಿನ ವ್ಯಾಪಾರ. ನಾರಾಯಣಖೇಡದ ಕಡೆ ಕೊಟ್ಟಿದ್ದ ಮಗಳು ಶಾಂತವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಹುಡುಗಿ ಬಹಳ ಸೊರಗಿದ್ದಾಳೆ, ಹಾಲು ತುಪ್ಪ ಚೆನ್ನಾಗಿ ತಿನ್ನಿಸಿರಿ ಎಂದು ವೈದ್ಯರು ಹೇಳಿದ್ದರಂತೆ. ನಮ್ಮ ಮನೆಯ ಎಮ್ಮೆ ಆ ಮಳೆಗಾಲದಲ್ಲೇ ಸತ್ತುಹೋಗಿತ್ತು. ಆದ್ದರಿಂದ ಮಗಳು ಬರುವುದರೊಳಗೆ ಒಳ್ಳೆಯ ಕರೆಯುವ ಎಮ್ಮೆ ಕೊಟ್ಟಿಗೆಯಲ್ಲಿರಬೇಕು ಎಂದು ನನ್ನ ಹೆಂಡತಿ ಗುರಮ್ಮ ಆಜ್ಞೆ ಮಾಡಿದಳು.

"ಸಂತಿಗಿ ನಾನೂ ಬರ್ತೀನ್ರಿ. ನಮ್ಮಪ್ಪ ಝರಾಸಂಗದಾಗ ದನದ ವ್ಯಾಪಾರ ಮಾಡ್ತಿದ್ದ. ಎಮ್ಮಿ ಅಂದ್ರ ನನಗ ಗೊತ್ತದ," ಎಂದಳು.

"ನೀ ಬಂದು ಏನ್ ಮಾಡ್ತಿ? ಶಲ್ಯದ ತೆಳಗ ಕೈ ಹಾಕೋದು ಗಂಡಸರ ಕೆಲಸ. ನೀ ರೊಟ್ಟಿ ಬಡಿ," ಎಂದೆ ನಾನು.

ಶಲ್ಯದ ವಿಷಯ ಸ್ವಲ್ಪ ಹೇಳಬೇಕು. ನಮ್ಮ ದನದ ಸಂತೆಯಲ್ಲಿ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವನೂ ದಲಾಲನೂ ಒಂದು ಶಲ್ಯದ ಕೆಳಗೆ ಬಲಗೈ ತೂರಿಸಿ, ಒಬ್ಬರ ಬೆರಳನ್ನೊಬ್ಬರು ಹಿಡಿದು ಒತ್ತಿ ಬೆಲೆ ಮಾತಾಡಬೇಕು. ಎಷ್ಟು ಬೆರಳು ಹಿಡಿದರೆ ಅಷ್ಟು ಬೆಲೆ. ಬೇಡವಾದರೆ ಕೈ ಹಿಂದಕ್ಕೆ ಎಳೆದುಕೊಳ್ಳಬೇಕು. ಒಪ್ಪಿಗೆಯಾದರೆ ಎದುರಿನವನ ಇಡೀ ಅಂಗೈಯನ್ನು ಗಟ್ಟಿಯಾಗಿ ಹಿಡಿಯಬೇಕು. ಹಿಡಿದರೆ ಮುಗಿಯಿತು. ಆಮೇಲೆ ಮಾತು ತಿರುಗಿಸಿದವನಿಗೆ ಸಂತೆಯಲ್ಲಿ ಒಂದು ಲೋಟ ನೀರನ್ನೂ ಯಾರೂ ಕೊಡುತ್ತಿರಲಿಲ್ಲ. ಇಷ್ಟೆಲ್ಲ ನಡೆಯುವಾಗ ಮುಖದ ಮೇಲೆ ಮಾತ್ರ ಏನೂ ಕಾಣಬಾರದು. ಈ ವಿಷಯದಲ್ಲಿ ನನಗೆ ನನ್ನ ಮೇಲೆ ಅಪಾರ ಭರವಸೆಯಿತ್ತು. ಕಲ್ಲಿನ ವ್ಯಾಪಾರಿ, ಮುಖ ಕಲ್ಲಿನಂತಿಡುವುದು ಕಷ್ಟವೇ?

ಮುಖವೇನೋ ಸರಿ. ತೊಂದರೆ ಇದ್ದದ್ದು ಕೈಯಲ್ಲಿ.

ದೀಪಾವಳಿ ಕಳೆದು ಚಳಿ ಬಿತ್ತೆಂದರೆ ನನ್ನ ಎರಡೂ ಅಂಗೈ ಬೇಸಿಗೆಯ ಎರೆಹೊಲದಂತೆ ಬಿರಿಯುತ್ತಿದ್ದವು. ಕಲ್ಲಿನ ಪುಡಿ ಚರ್ಮದ ಜಿಡ್ಡನ್ನೆಲ್ಲ ಹೀರಿ, ಬೆರಳ ಗೆಣ್ಣಿನಲ್ಲೂ ಹೆಬ್ಬೆರಳ ಬುಡದಲ್ಲೂ ಸೀಳು ಬಿಟ್ಟು, ಒಳಗಿನ ಕೆಂಪು ಕಾಣುತ್ತಿತ್ತು. ತಣ್ಣೀರು ತಾಗಿದರೆ ಉರಿ, ಬಿಸಿನೀರು ತಾಗಿದರೆ ಇನ್ನೂ ಉರಿ. ಊಟಕ್ಕೆ ಕುಳಿತು ರೊಟ್ಟಿಗೆ ಕೆಂಪು ಖಾರ ಹಚ್ಚಿಕೊಂಡರೆ ಪ್ರತಿ ತುತ್ತಿಗೂ ಒಮ್ಮೆ ಶಿವನನ್ನು ನೆನೆಯುತ್ತಿದ್ದೆ. ಆ ಚಳಿಗಾಲಗಳಲ್ಲಿ ನನ್ನ ಭಕ್ತಿ ಬಹಳ ಹೆಚ್ಚಾಗಿತ್ತು. ಮನೆಯಲ್ಲಂತೂ ನನ್ನ ಕೈಯದೇ ಮಾತು. ನರಳುತ್ತಿದ್ದೆ, ಬಂದವರಿಗೆಲ್ಲ ಕೈ ಬಿಚ್ಚಿ ತೋರಿಸುತ್ತಿದ್ದೆ, ಗುರಮ್ಮನಿಂದ ಊದಿಸಿಕೊಳ್ಳುತ್ತಿದ್ದೆ.

ಸಂತೆಯ ಹಿಂದಿನ ದಿನ ನೆರೆಮನೆಯ ಖಾಸಿಂ ಸಾಬರಿಗೂ ತೋರಿಸಿದೆ. ಎತ್ತುಗಳ ಕಾಲಿಗೆ ಲಾಳ ಹೊಡೆಯುವುದು ಅವರ ಕಸುಬು.

"ಅರೇ ಸಾವಕಾರ್ರ, ಇದಕ್ಕ ಇಷ್ಟ್ಯಾಕ ಫಿಕರ್? ಔಡಲೆಣ್ಣಿ ಹಚ್ಚಿ ಮಲಗ್ರಿ. ಮುಂಜಾನಿ ಮಖಮಲ್!" ಎಂದರು.

ರಾತ್ರಿ ಹಚ್ಚಿ ಮಲಗಿ ಎಂದವರು ಅವರು. ಒಂದು ಸಲಕ್ಕೇ ಮಖಮಲ್ಲಾದರೆ ಇನ್ನೊಂದು ಸಲಕ್ಕೆ ರೇಷ್ಮೆಯಾಗಬಾರದೇಕೆ ಎಂದು ಬೆಳಗ್ಗೆ ಹೊರಡುವಾಗಲೂ ಸುರಿದುಕೊಂಡವನು ನಾನು.

ಸಂತೆಯಲ್ಲಿ ಒಂದು ಎಮ್ಮೆ ನನ್ನ ಮನಸ್ಸಿಗೆ ಬಂತು. ಮಿರಿಮಿರಿ ಮೈ, ತುಂಬಿದ ಕೆಚ್ಚಲು. ಅದರ ದಲಾಲ ನರ್ಸಿಮ್ಲು ಬಾಯಿಗಿಂತ ಬೆರಳಿನಲ್ಲೇ ಹೆಚ್ಚು ಮಾತಾಡುವ ಮನುಷ್ಯ. ಇಬ್ಬರೂ ಶಲ್ಯದ ಕೆಳಗೆ ಕೈ ಹಾಕಿದೆವು. ನಾನು ಗಂಭೀರವಾಗಿ ಅವನ ಮೂರು ಬೆರಳು ಹಿಡಿದೆ. ಎಣ್ಣೆಗೆ ಎರಡು ಜಾರಿ ಹೋದವು. ಮತ್ತೆ ಹಿಡಿದೆ. ಈ ಸಲ ಮೂರೂ ಜಾರಿ ಕಿರುಬೆರಳ ತುದಿ ಮಾತ್ರ ನನ್ನ ಕೈಯಲ್ಲಿ ಉಳಿಯಿತು. ನರ್ಸಿಮ್ಲು ಕೈ ಹೊರಗೆಳೆದು ಸಂತೆಗೆಲ್ಲ ಕೇಳುವಂತೆ ಕೂಗಿದ:

"ಏನ್ರೀ ಸಾವಕಾರ್ರ, ಎಮ್ಮಿ ಕೇಳಾಕ ಬಂದೀರೋ, ಕೋಳಿ ಕೇಳಾಕ ಬಂದೀರೋ?"

ಆ ಎಮ್ಮೆಯನ್ನು ನನ್ನ ಕಣ್ಣೆದುರಿಗೇ ಇನ್ನೊಬ್ಬರು ಹೊಡೆದುಕೊಂಡು ಹೋದರು. ನರ್ಸಿಮ್ಲು ತನ್ನ ಕೈಯನ್ನು ಮಣ್ಣಿಗೆ ತಿಕ್ಕುತ್ತ ನಿಂತಿದ್ದ.

ಮುಂದಿನ ಸಂತೆಗೆ ನಾನು ಎಣ್ಣೆಯ ಸುದ್ದಿಗೇ ಹೋಗಲಿಲ್ಲ. ಕೈಯನ್ನು ಕಡಲೆಹಿಟ್ಟಿನಿಂದ ತಿಕ್ಕಿ, ಒರೆಸಿ, ಗರಿಗರಿಯಾಗಿ ಒಣಗಿಸಿಕೊಂಡು ಹೋದೆ. ಇನ್ನು ಬೆರಳು ಹೇಗೆ ಜಾರುತ್ತದೆ ನೋಡೋಣ! ಜಾರಲಿಲ್ಲ. ಆದರೆ ನರ್ಸಿಮ್ಲು ಇನ್ನೊಂದು ಎಮ್ಮೆಯ ಬೆಲೆ ಹೇಳಲು ನನ್ನ ಹೆಬ್ಬೆರಳು ಹಿಡಿದು, ಹಿಂದಿನ ಸಿಟ್ಟು ಇನ್ನೂ ಇತ್ತೋ ಏನೋ, ಸರಿಯಾಗಿ ಸೀಳಿನ ಮೇಲೆ ಒತ್ತಿದ.

"ಅಯ್ಯೋ ಶಿವನೇ! ಸತ್ತೆ!"

ಕೂಗಿದವನು ನಾನೇ. ಮುಖ ಕಲ್ಲಿನಂತಿಡುವ ಮಹಾಶಯ! ಸುತ್ತ ನಿಂತಿದ್ದ ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಬೆಲೆ ಕೇಳಿಯೇ ಸಾವುಕಾರ ಹೀಗೆ ಕಿರುಚಿದನೆಂದರೆ ಆ ಎಮ್ಮೆಗೆ ಎಷ್ಟು ಹೇಳಿರಬೇಕು! ಒಬ್ಬೊಬ್ಬರಾಗಿ ಸದ್ದಿಲ್ಲದೆ ಜಾಗ ಖಾಲಿ ಮಾಡಿದರು. ಆ ಎಮ್ಮೆಯ ಹತ್ತಿರ ಸಂಜೆಯವರೆಗೂ ಯಾರೂ ಸುಳಿಯಲಿಲ್ಲವಂತೆ. ಎಮ್ಮೆಯ ಯಜಮಾನ ನನ್ನನ್ನು ಸಂತೆಯ ಬಾಗಿಲವರೆಗೆ ಬೈಯುತ್ತ ಬಂದ. ನನ್ನ ತಾತನ ಹೆಸರು ಅವನಿಗೆ ಹೇಗೆ ತಿಳಿಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮನೆಗೆ ಬರಿಗೈಯಲ್ಲಿ ಬಂದೆ. ಶಾಂತವ್ವ ಬರುವ ದಿನ ಹತ್ತಿರವಾಗುತ್ತಿತ್ತು. ಗುರಮ್ಮ "ನಾ ಬರ್ಲೇನ್ರಿ?" ಎಂದಷ್ಟೇ ಕೇಳಿದಳು. ನನಗೆ ರೋಷ ಉಕ್ಕಿತು. ನೇರವಾಗಿ ಖಾಸಿಂ ಸಾಬರ ಮನೆಗೆ ಹೋಗಿ, ಗುಣವಾಗಲೇಬೇಕು ಅಂಥ ಮದ್ದು ಕೊಡಿ ಎಂದೆ.

ಸಾಬರು ಗಡ್ಡ ನೀವಿಕೊಂಡು, "ಎತ್ತಿನ ಗೊರಸು ಸೀಳಿದ್ರ ನಾ ಜೇನಮೇಣ, ರಾಳ, ಕುಸುಬಿ ಎಣ್ಣಿ ಕೂಡಿಸಿ ಕಾಸಿ ತುಂಬ್ತೀನಿ. ಮನಷ್ಯಾರಿಗೂ ಆಗ್ತದ. ಆದ್ರ ಸೀಳಿನಾಗಷ್ಟ ಇಡ್ರಿ, ಒಂಚೂರ," ಎಂದರು.

ಒಂಚೂರು! ನನ್ನ ಇಡೀ ಕೈ ಒಡೆದಿರುವಾಗ ಒಂಚೂರು ಎಲ್ಲಿಗೆ ಸಾಕು? ಗುರಮ್ಮ ಬೇಳೆ ಬೇಯಿಸುವ ಬೋಗುಣಿಯಲ್ಲೇ ಮೇಣ, ರಾಳ ಧಾರಾಳವಾಗಿ ಸುರಿದು ಕಾಸಿದೆ. ಮನೆಯೆಲ್ಲ ಲೋಬಾನದ ಹೊಗೆ ಹಾಕಿದ ಹಾಗಾಯಿತು. ಗುರಮ್ಮ ಕೆಮ್ಮುತ್ತ ಬಂದು ಬೋಗುಣಿಯೊಳಗೆ ಇಣುಕಿದಳು.

"ಇದರಾಗ ಇನ್ನ ಬ್ಯಾಳಿ ಬೇಯಿಸಿದ್ರ ಉಂಡವ್ರ ಬಾಯಿ ತೆರಿಯಂಗಿಲ್ಲ ನೋಡ್ರಿ," ಎಂದಳು.

"ತೆರೀದಿದ್ರ ಛಲೋ ಆತು," ಎಂದೆ. ಆಗ ನನ್ನ ಬಾಯಿ ಬಹಳ ಜೋರಾಗಿತ್ತು.

ಸಂತೆಯ ಬೆಳಗ್ಗೆ ಅದನ್ನು ಬಿಸಿ ಮಾಡಿ ಅಂಗೈಗೆ, ಬೆರಳಿಗೆ, ಬೆರಳ ಸಂದಿಗೆ ಮೆತ್ತಿಕೊಂಡೆ. ಆಹಾ, ಎಂಥ ಸುಖ! ಉರಿಯೆಲ್ಲ ಮಾಯ. ಕೈಯನ್ನು ಶಲ್ಯದಲ್ಲಿ ಸುತ್ತಿಕೊಂಡು ರಾಜನಂತೆ ಸಂತೆಗೆ ನಡೆದೆ.

ನನ್ನ ಜೊತೆ ಕೈ ಹಾಕಲು ಯಾವ ದಲಾಲನೂ ಒಪ್ಪಲಿಲ್ಲ. ಕೊನೆಗೆ ನರ್ಸಿಮ್ಲುವೇ, ಪಾಪ, ಮನಸ್ಸು ಮಾಡಿದ. ಅವನ ಬಳಿ ಒಂದು ಒಳ್ಳೆಯ ಎಮ್ಮೆ ಇತ್ತು. ಪಕ್ಕದಲ್ಲಿ ಇನ್ನೊಂದು ಮುದಿ ಎಮ್ಮೆ. ಒಂದು ಕೊಂಬು ಮುರಿದಿತ್ತು, ಕೆಚ್ಚಲು ಖಾಲಿ ಚೀಲದಂತೆ ಜೋತಿತ್ತು. ದಲಾಲರ ಪದ್ಧತಿಯೇ ಹಾಗೆ. ಮೊದಲು ಕೆಟ್ಟದ್ದರ ಬೆಲೆ ಕೇಳಿಸಿ, ಆಮೇಲೆ ಒಳ್ಳೆಯದಕ್ಕೆ ಬರುತ್ತಾರೆ.

"ಮೊದ್ಲ ಇದರದ ನೋಡ್ರಿ," ಎಂದು ಮುದಿ ಎಮ್ಮೆಯ ಬೆನ್ನು ತಟ್ಟಿ, ಶಲ್ಯ ಹೊದಿಸಿ, ನನ್ನ ಬೆರಳುಗಳನ್ನು ಒತ್ತಿದ. ಬಾಯಿಗೆ ಬಂದಂತೆ ಬೆಲೆ! ನನಗೆ ನಗು ಬಂತು. ತಕ್ಷಣ ಕೈ ಹಿಂದಕ್ಕೆ ಎಳೆದೆ.

ಕೈ ಬರಲಿಲ್ಲ!

ಅವನ ಅಂಗೈ ಬೆಚ್ಚಗಿತ್ತು. ನನ್ನ ಮೇಣ ಆ ಶಾಖಕ್ಕೆ ಕರಗಿ, ಚಳಿಗಾಳಿಗೆ ಮತ್ತೆ ಬಿಗಿದಿತ್ತು. ನಾನು ಎಳೆದೆ. ಅವನೂ ಎಳೆದ. ಎಳೆದಷ್ಟೂ ಬೆರಳು ಬೆರಳಿಗೆ ಹೆಣೆದುಕೊಂಡು ಅಂಗೈಗೆ ಅಂಗೈ ಕೂತಿತು. ಹೊರಗಿನಿಂದ ನೋಡುವವರಿಗೆ ಇಬ್ಬರು ಗಂಭೀರ ವ್ಯಕ್ತಿಗಳು ಒಬ್ಬರ ಕೈಯನ್ನೊಬ್ಬರು ಬಹಳ ಪ್ರೀತಿಯಿಂದ ಅಲುಗಾಡಿಸುತ್ತಿರುವಂತೆ ಕಾಣುತ್ತಿತ್ತು.

"ಆತು! ಸೌದಾ ಆತು!" ಎಂದು ಯಾರೋ ಕೂಗಿದರು. ಮುದಿ ಎಮ್ಮೆಯ ಯಜಮಾನ ಆನಂದದಿಂದ ಅದರ ಹಣೆಗೆ ಅರಿಶಿನದ ಭಂಡಾರ ಹಚ್ಚಿ, ಹಗ್ಗವನ್ನು ತಂದು ನನ್ನ ಎಡಗೈಗೆ ಕೊಟ್ಟೇಬಿಟ್ಟ.

"ಇಲ್ಲ, ಇಲ್ಲ, ನನಗ ಬ್ಯಾಡ!" ಎಂದೆ.

"ಬ್ಯಾಡಾದ್ರ ಕೈ ಬಿಡ್ರಿ ಮತ್ತ!" ಎಂದಿತು ಇಡೀ ಸಂತೆ.

ಅದೊಂದೇ ನನ್ನಿಂದ ಆಗದ ಕೆಲಸವಾಗಿತ್ತು. ಕೊನೆಗೆ ನಾನು, ನರ್ಸಿಮ್ಲು, ನಮ್ಮ ಹಿಂದೆ ಆ ಎಮ್ಮೆ, ಎಮ್ಮೆಯ ಹಿಂದೆ ಅರ್ಧ ಸಂತೆ, ಹೀಗೆ ಮೆರವಣಿಗೆಯಲ್ಲಿ ಚಹಾ ಅಂಗಡಿಗೆ ಹೋದೆವು. ಅಂಗಡಿಯವನು ಕುದಿಯುವ ನೀರಿಗೆ ತಣ್ಣೀರು ಬೆರೆಸಿ ನಮ್ಮ ಕೈಮೇಲೆ ಸುರಿದ. ಬಿಡಿಸಿಕೊಂಡ ನರ್ಸಿಮ್ಲು ತನ್ನ ಕೈಯನ್ನು ನೋಡಿಕೊಂಡು, "ದೇವುಡಾ! ನನ್ನ ಲಗ್ನದಾಗೂ ಹಿಂಗ ಕೈ ಹಿಡಿದಿಲ್ರಿ," ಎಂದ.

ಗುರಮ್ಮ ಅಂಗಳದಲ್ಲಿ ನಿಂತು ನನ್ನನ್ನೂ ಎಮ್ಮೆಯನ್ನೂ ನೋಡಿದಳು. ಬಹಳ ಹೊತ್ತು ನೋಡಿದಳು. ಎಮ್ಮೆಯ ತುಟಿ ಎತ್ತಿದಳು.

"ಹಲ್ಲ ಎಲ್ಲಿ ಅವರಿ? ಮಗಳ ಬಾಣಂತನಕ್ಕ ಎಮ್ಮಿ ತರ್ರಿ ಅಂದ್ರ, ಇದರ ಬಾಣಂತನ ನಾವ ಮಾಡ್ಬೇಕಲ್ರಿ!"

ಮನೆಯಲ್ಲಿದ್ದ ರೊಕ್ಕವೆಲ್ಲ ಆ ಮುದಿ ಎಮ್ಮೆಗೇ ಹೋಗಿತ್ತು. ಮುಂದಿನ ಸಂತೆಯ ದಿನ ಆಕೆ ಬೆಳಗಿನ ರೊಟ್ಟಿ ಬಡಿದು, ತನ್ನ ತೋಳಿನ ಬೆಳ್ಳಿ ವಂಕಿ ತೆಗೆದು ಅಕ್ಕಸಾಲಿಯ ಅಂಗಡಿಯಲ್ಲಿ ಕೊಟ್ಟು ರೊಕ್ಕ ಮಾಡಿಕೊಂಡು, ತಲೆ ತುಂಬ ಸೆರಗು ಹೊದ್ದು ಹೊರಟಳು. ನಾನು ಹಿಂದೆ ನಡೆದೆ. ದಲಾಲರ ಕಡೆ ಆಕೆ ತಿರುಗಿಯೂ ನೋಡಲಿಲ್ಲ. ಸಂತೆಯ ಆ ಕೊನೆಯಲ್ಲಿ, ಗಂಡ ತೀರಿದ ಮೇಲೆ ತಾನೇ ದನ ಸಾಕಿ ಮಾರುತ್ತಿದ್ದ ಮಲ್ಲವ್ವ ಎಂಬಾಕೆ ಒಂದು ಎಮ್ಮೆ ಕಟ್ಟಿಕೊಂಡು ಕುಳಿತಿದ್ದಳು. ಗುರಮ್ಮ ಎಮ್ಮೆಯ ಸುತ್ತ ಬಂದಳು, ಹಲ್ಲು ನೋಡಿದಳು, ಕೆಚ್ಚಲು ಮುಟ್ಟಿದಳು, ಒಂದು ಗುಟುಕು ಹಾಲು ಕರೆದು ಮೂಸಿದಳು. ಆಮೇಲೆ ಮಲ್ಲವ್ವನ ಎದುರು ಕುಕ್ಕರಗಾಲಿನಲ್ಲಿ ಕುಳಿತು ತನ್ನ ಸೆರಗಿನ ಕೆಳಗೆ ಕೈ ಚಾಚಿದಳು.

"ಬಾ ಯವ್ವ, ಹಾಕು ಕೈ."

ಮಲ್ಲವ್ವ ಹಾಕಿದಳು. ಸಂತೆಗೆ ಸಂತೆಯೇ ಅಲ್ಲಿ ಬಂದು ನಿಂತಿತು. ಸೆರಗು ಅತ್ತ ಅಲುಗಾಡಿತು, ಇತ್ತ ಅಲುಗಾಡಿತು. ಮಲ್ಲವ್ವ ದುಡಿದ ಹೆಂಗಸು, ಆಕೆಯ ಹಿಡಿತ ಎಂಥದೆಂದು ಮುಂಗೈಯ ನರ ನೋಡಿದರೇ ತಿಳಿಯುತ್ತಿತ್ತು. ಆದರೆ ಗುರಮ್ಮನ ಹುಬ್ಬು ಕೂಡ ಕದಲಲಿಲ್ಲ. ಸಂಜೆಗೆ ಯಾವ ಪಲ್ಯ ಮಾಡಲಿ ಎಂದು ಯೋಚಿಸುತ್ತಿರುವವಳಂತೆ ದೂರ ನೋಡುತ್ತಿದ್ದಳು.

ನರ್ಸಿಮ್ಲು ನನ್ನ ಕಿವಿಯಲ್ಲಿ, "ಅಮ್ಮೋರ ಮಾರಿ ಮ್ಯಾಲ ಏನೂ ತಿಳೀವಲ್ದ್ರಿ. ನಮ್ಮ ಉಸ್ತಾದ ಸುದ್ದಾ ಹಿಂಗ ಇರ್ತಿದ್ದಿಲ್ಲ," ಎಂದ. ನನಗೆ ಎಂಥ ಹೆಮ್ಮೆಯಾಯಿತೆಂದರೆ, ಗುರುತಿಲ್ಲದವರಿಗೂ "ನನ್ನ ಹೇಣ್ತಿ, ನನ್ನ ಹೇಣ್ತಿ" ಎಂದು ಹೇಳತೊಡಗಿದೆ.

ಕೊನೆಗೆ ಮಲ್ಲವ್ವ ನಕ್ಕುಬಿಟ್ಟಳು. "ಆತು ತಾಯಿ, ಒಯ್ಯಿ. ನೀ ಬಿಡಾಕಿ ಅಲ್ಲ!"

ಸೆರಗು ಸರಿಯಿತು. ಗುರಮ್ಮ ಕೈ ಹೊರಗೆ ತೆಗೆದಳು. ಹಗ್ಗ ಇಸಿದುಕೊಳ್ಳಲು ಬಗ್ಗಿದ ನಾನು ಆ ಕೈಯನ್ನು ನೋಡಿ ಹಾಗೇ ನಿಂತೆ. ಅಂಗೈಯ ಉದ್ದಕ್ಕೂ ಸೀಳು. ಬೆರಳ ಗೆಣ್ಣುಗಳಲ್ಲಿ ಸೀಳು. ಹಳೆಯ ಸೀಳು, ಹೊಸ ಸೀಳು, ಎರಡು ಕಡೆ ರಕ್ತ ಜಿನುಗುತ್ತಿತ್ತು. ದಿನವೂ ಬಿಸಿ ಬಿಸಿ ನೀರು ಹಾಕಿ ಹಿಟ್ಟು ನಾದಿ, ಅದೇ ಅಂಗೈಯಿಂದ ಪಟಪಟ ರೊಟ್ಟಿ ಬಡಿಯುವ ಕೈ. ಇದರ ಮುಂದೆ ನನ್ನ ಕೈ ಕೂಸಿನ ಕೆನ್ನೆ! ಈ ಕೈಯಲ್ಲಿ ನನ್ನ ಕೈ ಹಿಡಿದುಕೊಂಡೇ ಆಕೆ ಇಷ್ಟು ವರ್ಷ ನನ್ನ ಸೀಳುಗಳಿಗೆ ಊದಿದ್ದಳು.

"ನೋವಾಗ್ಲಿಲ್ಲೇನು?" ಎಂದೆ.

"ಆತು."

"ಮತ್ತ?"

"ಎಮ್ಮಿ ಬೇಕಾಗಿತ್ತಲ್ರಿ," ಎಂದು ಆಕೆ ಸೆರಗಿನಿಂದ ಕೈ ಒರೆಸಿಕೊಂಡಳು.

ಇಂಥ ಹೆಂಗಸಿನ ಜೊತೆ ಸಂಸಾರ ಮಾಡುತ್ತಿದ್ದೇನೆಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಮನೆಗೆ ಬಂದವನೇ ಖಾಸಿಂ ಸಾಬರ ಮೇಣವನ್ನು ಸಣ್ಣ ಉರಿಯಲ್ಲಿ ಕಾಸಿ, ಹೊಸ್ತಿಲ ಬಳಿ ಆಕೆಯನ್ನು ಕೂಡಿಸಿ, ಒಂದೊಂದು ಸೀಳಿಗೂ ಒಂಚೂರೇ ಒಂಚೂರು ಇಟ್ಟೆ. ಆಕೆ ನಾಚಿಕೆಯಿಂದ, "ಯಾರರ ನೋಡ್ಯಾರು, ಬಿಡ್ರಿ," ಎನ್ನುತ್ತಿದ್ದಳು. ನಾನು ಬಿಡಲಿಲ್ಲ.

ವಾರ ಕಳೆಯುವಷ್ಟರಲ್ಲಿ ಶಾಂತವ್ವ ಝಹೀರಾಬಾದಿನವರೆಗೆ ಎತ್ತಿನ ಗಾಡಿಯಲ್ಲಿ, ಅಲ್ಲಿಂದ ರೈಲಿನಲ್ಲಿ ಬಂದಳು. ಮುಖವೆಲ್ಲ ಬಾಡಿತ್ತು. ಗುರಮ್ಮ ಕೆನೆಗಟ್ಟಿದ ಹಾಲಿಗೆ ಬೆಲ್ಲ ಹಾಕಿ ಕೊಟ್ಟಳು. ಹುಡುಗಿ ಒಂದೇ ಉಸಿರಿಗೆ ಕುಡಿದು, ಹಾಲಿನ ಮೀಸೆ ಮೂಡಿದ ಬಾಯಿಯಲ್ಲಿ, "ಏನ್ ಹಾಲವ್ವ! ಅಪ್ಪಾ, ಭಾಳ ಛಲೋ ಎಮ್ಮಿ ತಂದೀ ನೋಡು!" ಎಂದಳು.

ಗುರಮ್ಮ ತಟ್ಟನೆ, "ಹೂಂ, ನಿಮ್ಮಪ್ಪನ ಕೈಗುಣ," ಎಂದುಬಿಟ್ಟಳು! ನನ್ನ ಮಾನ ಕಾಯಲು ಆ ಮಹಾತಾಯಿ ಮಗಳ ಮುಂದೆ ಸುಳ್ಳನ್ನೂ ಹೇಳಿದಳು. ನನಗೆ ತಡೆಯಲಾಗಲಿಲ್ಲ.

"ಇಲ್ಲವ್ವ, ಇದನ್ನ ತಂದಾಕಿ ನಿಮ್ಮವ್ವ. ನಾ ತಂದದ್ದು ಅಗಾ, ಅದು," ಎಂದು ಕೊಟ್ಟಿಗೆಯ ಮೂಲೆ ತೋರಿಸಿದೆ. ಅಲ್ಲಿ ಮುರಿದ ಕೊಂಬಿನ ಮುದುಕಿ, ಹಲ್ಲಿಲ್ಲದ್ದರಿಂದ ಗುರಮ್ಮ ಕಲಸಿ ಕೊಟ್ಟ ಗಂಜಿಯನ್ನು ಸೊರ್ರೆಂದು ಹೀರುತ್ತಿತ್ತು.

ಶಾಂತವ್ವ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಬಸುರಿ ಹಿಂಗ ನಗಬಾರ್ದ ಏ ಹುಡುಗಿ!" ಎಂದು ಗದರಿಸಲು ಹೋದ ಗುರಮ್ಮನೂ ಕಂಬ ಹಿಡಿದು ನಕ್ಕಳು. ಗೋಡೆಯಾಚೆ ಖಾಸಿಂ ಸಾಬರು ನಗುವುದೂ ಕೇಳಿಸಿತು.

ನಾನೊಬ್ಬ ನಗಲಿಲ್ಲ. ಚಳಿಗೆ ಆಗಲೇ ತುಟಿಯೂ ಒಡೆದಿತ್ತು.