ಬೀಳಲೇಬೇಕಾದ ದಿನ

ಎಲ್ಲಕ್ಕೂ ಮೂಲ ಒಂದು ಸಹಿ. ಜಲಾಶಯದ ಕಚೇರಿಯಲ್ಲಿ ಉಗ್ರಾಣ ನೋಡಿಕೊಳ್ಳುವ ಗುಮಾಸ್ತರು, ಎಲ್ಲರೂ 'ಸ್ಟೋರಿನವರು' ಎಂದೇ ಕರೆಯುವ ಬಡಪಾಯಿ, ಲಾರಿಯಿಂದ ಇಳಿದ ಎರಡು ಉದ್ದನೆಯ ಪೆಟ್ಟಿಗೆಗಳಿಗೆ ಎಂದಿನಂತೆ ಕಣ್ಣುಮುಚ್ಚಿ ಸಹಿ ಹಾಕಿಬಿಟ್ಟಿದ್ದರು. ಒಳಗೆ ಪೈಪೋ ಕವಾಟವೋ ಇರಬೇಕೆಂದು ಅವರ ಲೆಕ್ಕ. ಬಿಚ್ಚಿ ನೋಡಿದರೆ ಎರಡು ಹಾಯಿಹಲಗೆ. ಮನುಷ್ಯ ಹಲಗೆಯ ಮೇಲೆ ನಿಂತು, ಅದಕ್ಕೆ ನೆಟ್ಟ ಹಾಯಿಯನ್ನು ಎರಡೂ ಕೈಯಲ್ಲಿ ಹಿಡಿದು, ಗಾಳಿಯ ಬಲದಿಂದ ನೀರಿನ ಮೇಲೆ ಓಡುವ ಆಟದ ಸಾಮಾನು. ನೌಕರರ ಆರೋಗ್ಯ ಸುಧಾರಿಸಲಿ ಎಂದು ದೊಡ್ಡ ಸಾಹೇಬರು ತರಿಸಿದ್ದರು.

ಸಹಿ ಹಾಕಿದವರೇ ಉಸ್ತುವಾರಿ, ಉಸ್ತುವಾರಿ ಹೊತ್ತವರೇ ಬಳಸಿ ತೋರಿಸಬೇಕು ಎಂದು ಹೆಡ್ ಕ್ಲರ್ಕ್ ತೀರ್ಪು ಕೊಟ್ಟರು. ಅವರಿಗೆ ನಿಯಮವೆಂದರೆ ಪ್ರಾಣ, ಅದರಲ್ಲೂ ಬೇರೆಯವರಿಗೆ ಅನ್ವಯವಾಗುವ ನಿಯಮ. ಹಾಗಾಗಿ ನಲವತ್ತೆರಡು ವರ್ಷ ವಯಸ್ಸಿನ, ಸ್ವಲ್ಪ ಹೊಟ್ಟೆಯೂ ಸಾಕಷ್ಟು ಬೆನ್ನುನೋವೂ ಇರುವ ಸ್ಟೋರಿನವರು ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಆರಕ್ಕೆ ನೀರಿಗಿಳಿಯುತ್ತಿದ್ದರು. ಪೆಟ್ಟಿಗೆಯಲ್ಲಿ ಒಂದು ಕೈಪಿಡಿ ಸಿಕ್ಕಿತ್ತು. ಅದರ ಮೇಲೆ 'ಮೊದಲ ಭಾಗ' ಎಂದಿತ್ತು, ಎರಡನೆಯ ಭಾಗವನ್ನು ಯಾರೂ ಕಳಿಸಿರಲಿಲ್ಲ. ಆ ಹೊತ್ತಿನಲ್ಲಿ ನೀರು ಕನ್ನಡಿಯ ಹಾಗಿರುತ್ತಿತ್ತು. ಕೈಪಿಡಿ ಹೇಳಿದಂತೆ ಮಾಡಿ, ನೂರು ಗಜ ಹೋಗಿ, ತಿರುಗಿ, ಹೇಗೋ ದಡ ಸೇರುವಷ್ಟು ಕಲಿತಿದ್ದರು. ಇವತ್ತು ನಾಲ್ಕು ಗಂಟೆಗೆ ದೊಡ್ಡ ಸಾಹೇಬರು ಮೂವರು ಅತಿಥಿಗಳನ್ನು ಕರೆದುಕೊಂಡು ಅದನ್ನು ನೋಡಲು ಬರುವವರಿದ್ದರು.

ಬೇರೆ ಯಾರಾದರೂ ಆಗಿದ್ದರೆ ಬೀಳದಿರಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದರು. ಸ್ಟೋರಿನವರು ಮಾತ್ರ ಬೀಳಲೇಬೇಕೆಂದು ತೀರ್ಮಾನಿಸಿದ್ದರು.

ಅವರ ಹೆಂಡತಿ ಬೆಟ್ಟದಾಚೆಯ ಊರಿನಲ್ಲಿ ಶಾಲೆಯ ಟೀಚರು. ಆರು ವರ್ಷದ ಮಗಳು ಅಮ್ಮನ ಜೊತೆ. ಬಸ್ಸಿನಲ್ಲಿ ಒಂಬತ್ತು ಗಂಟೆಯ ದಾರಿ. ನಾಲ್ಕು ವರ್ಷದಿಂದ ಸ್ಟೋರಿನವರು ತಿಂಗಳಿಗೊಂದು ಭಾನುವಾರ ಹೋಗಿ, ಮಗಳು ಹತ್ತಿರ ಬಂದು ಕೂರುವಷ್ಟು ಹೊಂದಿಕೊಳ್ಳುವ ಹೊತ್ತಿಗೆ ವಾಪಸು ಬಸ್ಸು ಹತ್ತುತ್ತಿದ್ದರು. ಮಗಳು ಅಪ್ಪನ ಚಿತ್ರ ಬರೆದರೆ ಕೈಯಲ್ಲಿ ಒಂದು ಚೀಲ ಇದ್ದೇ ಇರುತ್ತಿತ್ತು. ಚೀಲವಿಲ್ಲದ ಅಪ್ಪನನ್ನು ಅವಳು ಸರಿಯಾಗಿ ನೋಡಿಯೇ ಇರಲಿಲ್ಲ.

ಆ ಊರಿನಲ್ಲೂ ಇಲಾಖೆಯ ಒಂದು ಪಂಪ್‌ಹೌಸು ಇತ್ತು, ಅಲ್ಲೊಂದು ಗುಮಾಸ್ತರ ಜಾಗ ಖಾಲಿಯೂ ಇತ್ತು. ಆದರೆ ಅಲ್ಲಿಗೆ ಯಾರೂ ತಾವಾಗಿ ಹೋಗುತ್ತಿರಲಿಲ್ಲ. ದೊಡ್ಡ ಸಾಹೇಬರು ತಮ್ಮ ಮರ್ಯಾದೆ ಕಳೆದವರನ್ನು ಅಟ್ಟುತ್ತಿದ್ದುದೇ ಅಲ್ಲಿಗೆ. ಭಾಷಣದ ಮಧ್ಯೆ ಮೈಕು ಕಿರುಚಿದ್ದಕ್ಕೆ ಎಲೆಕ್ಟ್ರಿಷಿಯನ್ನು ಹೋಗಿದ್ದ, ಅತಿಥಿಗಳ ಮುಂದೆ ನಾಲ್ಕು ಸಲ ಸೀನಿದ್ದಕ್ಕೆ ಡ್ರೈವರು ಹೋಗಿದ್ದ. ಹೋದವರು ಆರು ತಿಂಗಳಲ್ಲಿ ಕಾಯಿಲೆ ರಜೆ ಹಾಕಿ ಓಡಿಬರುತ್ತಿದ್ದರು. ಸ್ಟೋರಿನವರು ಅಲ್ಲಿಗೆ ವರ್ಗ ಕೇಳಿ ಮೂರು ಸಲ ಅರ್ಜಿ ಕೊಟ್ಟರು. ಮೂರನೆಯದರ ಅಂಚಿನಲ್ಲಿ ಸಾಹೇಬರು ತಮ್ಮ ಕೈಯಾರೆ ಬರೆದಿದ್ದರು: 'ಇಂಥ ಜಾಗವನ್ನು ತಾವಾಗಿ ಕೇಳುತ್ತಿದ್ದಾರೆಂದರೆ ಏನೋ ಮಸಲತ್ತು ಇರಬೇಕು. ತಿರಸ್ಕರಿಸಿದೆ.'

ಅಂದಮೇಲೆ ಹೆಂಡತಿ ಮಗಳ ಹತ್ತಿರ ಹೋಗಲು ಉಳಿದದ್ದು ಶಿಕ್ಷೆಯ ದಾರಿಯೊಂದೇ. ಅದೂ ಹುಷಾರಾಗಿ. ಬೇಕೆಂದೇ ಬಿದ್ದದ್ದು ಗೊತ್ತಾದರೆ ಸಸ್ಪೆಂಡು ಮಾಡಿಯಾರು. ಬೀಳದಿರಲು ಒದ್ದಾಡುತ್ತ ಒದ್ದಾಡುತ್ತ, ಅತಿಥಿಗಳೆಲ್ಲ ನೋಡುತ್ತಿರುವಾಗ, ದಡದ ಹತ್ತಿರವೇ ಬೀಳಬೇಕು.

ಬೆಳಿಗ್ಗೆ ಹೆಂಡತಿ ಫೋನು ಮಾಡಿದಳು. ಯೋಜನೆ ಅವಳಿಗೂ ಗೊತ್ತಿತ್ತು.

"ರೀ, ಪೆಟ್ಟು ಮಾಡ್ಕೋಬೇಡಿ. ಸ್ವಲ್ಪ ಮೆತ್ತಗೆ ಬೀಳಿ."

"ನೀರಲ್ವೇನೇ, ಮೆತ್ತಗೇ ಇರುತ್ತೆ."

ಮಗಳು ಆಗಲೇ ಅಲಮಾರದ ಒಂದು ಖಾನೆಯಿಂದ ಗೊಂಬೆಗಳನ್ನೆಲ್ಲ ಕೆಳಗಿಳಿಸಿ ಅಪ್ಪನ ಬಟ್ಟೆಗೆ ಜಾಗ ಮಾಡಿದ್ದಾಳೆ ಎಂದು ಹೆಂಡತಿ ಹೇಳಿದಳು. ಫೋನು ಇಟ್ಟಮೇಲೆ ಸ್ಟೋರಿನವರು ಕೈಪಿಡಿ ಕೈಗೆತ್ತಿಕೊಂಡರು.

ಉಪಾಯ ಸರಳವಾಗಿತ್ತು. ಕೈಪಿಡಿ ಏನು ಮಾಡು ಎನ್ನುತ್ತದೋ ಅದಕ್ಕೆ ತದ್ವಿರುದ್ಧ ಮಾಡುವುದು. ದೊಡ್ಡ ಹಾಯಿ ಕಟ್ಟು ಎಂದಿತ್ತು, ಇವರು ಪೆಟ್ಟಿಗೆಯ ತಳದಲ್ಲಿದ್ದ ಅತಿ ಚಿಕ್ಕ ಹಾಯಿಯನ್ನು ಹುಡುಕಿ ಕಟ್ಟಿದರು. ಹಾಯಿಯನ್ನು ಕಂಬದ ಬುಡಕ್ಕೆ ಎಳೆದು ಕಟ್ಟುವ ಹಗ್ಗ ಸಡಿಲವಿದ್ದರೆ ಹಾಯಿ ಹೊಟ್ಟೆ ತುಂಬ ಗಾಳಿ ಹಿಡಿಯುತ್ತದೆ ಎಂದಿತ್ತು, ಇವರು ಹಲ್ಲುಕಚ್ಚಿ ಎಳೆದು ಹಾಯಿಯನ್ನು ಚಪ್ಪಟೆ ಮಾಡಿದರು. ಕೈಯಲ್ಲಿ ಹಿಡಿಯುವ ಅಡ್ಡಕಂಬಿಯನ್ನು ಭುಜದ ಮಟ್ಟದಿಂದ ಎದೆಗಿಂತ ಕೆಳಕ್ಕೆ ಇಳಿಸಿದರು. ಪಾದ ಸಿಕ್ಕಿಸುವ ಪಟ್ಟಿಗಳನ್ನು ಹಲಗೆಯ ಅಂಚಿನಿಂದ ಕಿತ್ತು ನಡುವಿನ ಕಡೆಗೆ ಹಾಕಿದರು. ಹಲಗೆಯ ಅಡಿಯಲ್ಲಿ ಮೀನಿನ ರೆಕ್ಕೆಯಂಥದ್ದೊಂದು ಇರುತ್ತದಲ್ಲ, ಅದರ ಜಾಗಕ್ಕೂ ಅಂಗೈಯಷ್ಟಿದ್ದ ಚಿಕ್ಕದನ್ನು ತಿರುಪು ಹಾಕಿ ಕೂರಿಸಿದರು. ಇಷ್ಟಾದ ಮೇಲೆ ಆ ಹಲಗೆಯ ಮೇಲೆ ಯಾರು ನಿಂತರೂ ಬೀಳಲೇಬೇಕು ಎಂದು ಅವರಿಗೆ ಧೈರ್ಯ ಬಂತು.

ಅಷ್ಟರಲ್ಲಿ ಹೆಡ್ ಕ್ಲರ್ಕ್ ಮೂಗು ತೂರಿಸಿದರು. ಕೈಪಿಡಿಯ ಚಿತ್ರ ಒಂದು ಕಡೆ, ಸ್ಟೋರಿನವರ ಹಲಗೆ ಒಂದು ಕಡೆ ಇಟ್ಟು ನೋಡಿ ಅವರ ಹುಬ್ಬು ಮೇಲೇರಿತು. ಇದೇನು, ಒಂದೂ ಪುಸ್ತಕದ ಪ್ರಕಾರ ಇಲ್ಲವಲ್ಲ ಎಂದು ಸ್ಪ್ಯಾನರಿಗೆ ಕೈ ಹಾಕಿದರು. ಸ್ಟೋರಿನವರು ಅವಸರವಾಗಿ ಅಡ್ಡ ಬಂದರು. ಇನ್ನೊಂದು ಹಲಗೆ ಇದೆಯಲ್ಲ ಸಾರ್, ಅತಿಥಿಗಳು ನೋಡಲು ಅದನ್ನು ತಾವೇ ಪುಸ್ತಕದ ಪ್ರಕಾರ ಜೋಡಿಸಿ ದಡದಲ್ಲಿ ಇಡಿ, ತಮ್ಮಷ್ಟು ಅಚ್ಚುಕಟ್ಟು ನನಗೆ ಎಲ್ಲಿ ಬರಬೇಕು ಎಂದು ಹೊಗಳಿದರು. ಹೆಡ್ ಕ್ಲರ್ಕ್ ಉಬ್ಬಿಹೋದರು. ಮಧ್ಯಾಹ್ನದವರೆಗೂ ಕೂತು, ಅಳತೆಪಟ್ಟಿ ಹಿಡಿದು, ಎರಡನೆಯ ಹಲಗೆಯನ್ನು ಚಿತ್ರದಲ್ಲಿದ್ದ ಹಾಗೇ ಜೋಡಿಸಿದರು. ಅದರ ಹಾಯಿ ಮದುವೆಮನೆಯ ಶಾಮಿಯಾನದಷ್ಟಿತ್ತು.

ಮೂರು ಗಂಟೆಗೆ ಗಾಳಿ ಎದ್ದಿತು. ಬೆಳಗಿನ ಕನ್ನಡಿ ಎಲ್ಲಿ ಹೋಯಿತೋ, ಗಿಡ್ಡ ಗಿಡ್ಡ ಅಲೆಗಳು ದಿಕ್ಕುದೆಸೆಯಿಲ್ಲದೆ ಒಂದಕ್ಕೊಂದು ಡಿಕ್ಕಿ ಹೊಡೆಯತೊಡಗಿದವು. ಬಿದ್ದವರನ್ನು ಎತ್ತಲು ದೋಣಿಯಲ್ಲಿ ಹಗ್ಗ ಹಿಡಿದು ಕೂತಿದ್ದ ದೋಣಿಯವನು ನೀರನ್ನೇ ನೋಡಿ ತಲೆಯಾಡಿಸಿದ.

"ಸ್ಟೋರಿನೋರೇ, ಇವತ್ತು ಬೇಡ. ಇಂಥ ನೀರಲ್ಲಿ ನೀವು ಹತ್ತು ಮಾರೂ ಹೋಗಲ್ಲ."

ಇಡೀ ದಿನದಲ್ಲಿ ಸ್ಟೋರಿನವರು ಕೇಳಿದ ಒಳ್ಳೆಯ ಮಾತು ಅದೊಂದೇ. ಅವರಿಗೆ ದೋಣಿಯವನನ್ನು ತಬ್ಬಿಕೊಳ್ಳಬೇಕೆನಿಸಿತು.

ನಾಲ್ಕಕ್ಕೆ ಸರಿಯಾಗಿ ಸಾಹೇಬರ ಕಾರು ಬಂತು. ದಡದಲ್ಲಿ ಹಾಕಿದ್ದ ಕುರ್ಚಿಗಳಲ್ಲಿ ಅತಿಥಿಗಳು ಕೂತರು, ಕಚೇರಿಯವರೆಲ್ಲ ಹಿಂದೆ ನಿಂತರು. ಸ್ಟೋರಿನವರು ಜೀವರಕ್ಷಕ ಜಾಕೀಟು ತೊಟ್ಟು, ಕೊಕ್ಕೆಯಿರುವ ಸೊಂಟಪಟ್ಟಿ ಬಿಗಿದು, ಮಗಳ ಅಲಮಾರವನ್ನು ಮನಸ್ಸಿನಲ್ಲೇ ನೆನೆದು ಹಲಗೆ ಹತ್ತಿದರು. ಹಾಯಿ ಎತ್ತಿದರು. ಅಭ್ಯಾಸಬಲದಿಂದ ಸೊಂಟದ ಕೊಕ್ಕೆಯನ್ನು ಅಡ್ಡಕಂಬಿಗೆ ಕಟ್ಟಿದ್ದ ಹಗ್ಗಕ್ಕೆ ಸಿಕ್ಕಿಸಿದರು. ಸಿಕ್ಕಿಸಬಾರದಿತ್ತು ಎಂದು ಹೊಳೆಯುವಷ್ಟರಲ್ಲಿ ಗಾಳಿ ಹಾಯಿಗೆ ಬಡಿದು ಹಲಗೆ ಬಾಣದಂತೆ ಚಿಮ್ಮಿತು.

ಹತ್ತು ಮಾರು ಹೋಯಿತು. ಐವತ್ತು ಮಾರು ಹೋಯಿತು. ಸ್ಟೋರಿನವರು ಬೀಳಲಿಲ್ಲ.

ಬೀಳಲು ಅವರು ಪಡದ ಪಾಡಿಲ್ಲ. ಹಿಂದಕ್ಕೆ ಬಿದ್ದುಬಿಡೋಣವೆಂದು ಮೈಭಾರವನ್ನೆಲ್ಲ ಹಿಂದಕ್ಕೆ ಬಿಟ್ಟರು. ಕೊಕ್ಕೆಗೆ ಸಿಕ್ಕಿದ್ದ ಹಗ್ಗ ಬಿಗಿಯಾಗಿ, ಹಾಯಿ ಅವರ ಭಾರವನ್ನು ಹೊತ್ತುಕೊಂಡು ಇನ್ನೂ ಜೋರಾಗಿ ಓಡಿತು. ಹೆದರಿಕೆಗೆ ಮಂಡಿಗಳು ತಾವಾಗಿ ಮಡಚಿಕೊಂಡವು, ಮಡಚಿದ ಮಂಡಿಗಳು ಅಲೆಯ ಏಟನ್ನೆಲ್ಲ ನುಂಗಿಕೊಂಡವು. ಕೊಕ್ಕೆ ಬಿಡಿಸಿಕೊಳ್ಳಲು ಕಂಬಿಯಿಂದ ಕೈ ತೆಗೆಯುವ ಧೈರ್ಯ ಬರಲಿಲ್ಲ. ದಡ ದೂರವಾಗುತ್ತಿತ್ತು. ಅಲ್ಲಿಂದ ಚಪ್ಪಾಳೆ ಕೇಳಿಸಿದಾಗ ಅವರ ಕಣ್ಣಲ್ಲಿ ನೀರು ಬಂತು. ನೂರಾರು ಗಜ ದಾಟಿದ ಮೇಲೆ, ಇನ್ನು ಹಲಗೆಯನ್ನೇ ಮಗುಚಿಬಿಡುತ್ತೇನೆ ಎಂದು ಒಂದು ಅಂಚಿನ ಮೇಲೆ ಜೀವ ಬಿಟ್ಟು ತುಳಿದರು. ಹಲಗೆ ಮಗುಚಲಿಲ್ಲ. ಕುಡುಗೋಲಿನಂತೆ ಬಾಗಿ ಒಂದು ಸುತ್ತು ಹೊಡೆಯಿತು, ಹಗ್ಗ ಕೊಕ್ಕೆಯಿಂದ ಜಾರಿತು, ಹಾಯಿ ತಾನಾಗಿ ತಿರುಗಿ ಇನ್ನೊಂದು ಪಕ್ಕದಿಂದ ಬಂದು ಅವರ ಕೈಗೇ ಸಿಕ್ಕಿತು. ಮುಳುಗುವವನು ಸಿಕ್ಕಿದ್ದನ್ನು ಹಿಡಿಯುವ ಹಾಗೆ ಅವರು ಅದನ್ನು ಹಿಡಿದರು. ಹಲಗೆ ನೇರ ದಡದ ಕಡೆಗೆ, ಕುರ್ಚಿಗಳ ಮುಂದಕ್ಕೇ ಹಾರಿಬಂದು, ಮರಳಿಗೆ ಮೂಗು ತಾಗಿಸಿ ನಿಂತಿತು. ಅವರ ತಲೆಯ ಕೂದಲು ಕೂಡ ನೆನೆದಿರಲಿಲ್ಲ. ಹಿಂದೆ ದೋಣಿಯವನು ಬೆಪ್ಪಾಗಿ ಹಗ್ಗ ಸುತ್ತಿಡುತ್ತಿದ್ದ.

ಸಾಹೇಬರು ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡರು. ಪ್ರಾಯದಲ್ಲಿ ಸಾಹೇಬರು ಸಮುದ್ರದ ಮೇಲೆ ಹತ್ತು ವರ್ಷ ಹಾಯಿಹಲಗೆ ಓಡಿಸಿದ್ದರಂತೆ, ಇದು ಯಾರಿಗೂ ಗೊತ್ತಿರಲಿಲ್ಲ. ಅವರು ಅತಿಥಿಗಳನ್ನು ಹಲಗೆಯ ಸುತ್ತ ನಿಲ್ಲಿಸಿ ಒಂದೊಂದಾಗಿ ತೋರಿಸತೊಡಗಿದರು. ಶಾಂತ ನೀರಿಗೆ ಹೇಳಿದ ವಿದ್ಯೆ ಕೆದರಿದ ನೀರಿಗೆ ನಡೆಯುವುದಿಲ್ಲ, ಅಲ್ಲಿ ಎಲ್ಲ ಉಲ್ಟಾ. ಗಾಳಿ ಹೆಚ್ಚಿದಾಗ ಹಾಯಿ ಚಿಕ್ಕದಿರಬೇಕು, ನೋಡಿ ಚಿಕ್ಕದೇ ಇದೆ. ಬುಡದ ಹಗ್ಗ ಬಿಗಿಯಿರಬೇಕು, ಬಿಗಿಯಿದೆ. ಹತೋಟಿ ಸಿಗಲಿ ಎಂದು ಕಂಬಿ ಇಳಿಸಿದ್ದಾರೆ, ಪಟ್ಟಿ ನಡುವಿಗೆ ತಂದಿದ್ದಾರೆ, ಅಡಿಯ ರೆಕ್ಕೆ ಕೂಡ ಚಿಕ್ಕದು. ಇದನ್ನೆಲ್ಲ ಹೇಳುವ ಎರಡನೆಯ ಭಾಗ ಅಂಗಡಿಯಲ್ಲಿ ಮುಗಿದಿತ್ತೆಂದು ತಾವು ಕಳಿಸಿಯೇ ಇರಲಿಲ್ಲ, ಈ ಮನುಷ್ಯ ಸ್ವಂತ ಬುದ್ಧಿಯಿಂದ ಕಂಡುಕೊಂಡಿದ್ದಾರೆ ಎಂದು ಸ್ಟೋರಿನವರ ಬೆನ್ನು ತಟ್ಟಿದರು. ಸ್ಟೋರಿನವರಿಗೆ ಭೂಮಿ ಬಾಯಿಬಿಟ್ಟು ತಮ್ಮನ್ನು ನುಂಗಬಾರದೇ ಎನಿಸಿತು.

"ಯಾರ್ರೀ ನಿಮಗೆ ಇದನ್ನೆಲ್ಲ ಹೇಳಿಕೊಟ್ಟವರು?" ಎಂದು ಸಾಹೇಬರು ಕೇಳಿದರು.

ಸ್ಟೋರಿನವರು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಹೆಡ್ ಕ್ಲರ್ಕ್ ಮುಂದೆ ನುಗ್ಗಿದರು. ಹೊಗಳಿಕೆ ಕಣ್ಣೆದುರೇ ಬೇರೆಯವರ ಪಾಲಾಗುವುದನ್ನು ನೋಡಿಕೊಂಡು ಸುಮ್ಮನಿದ್ದು ಅವರಿಗೆ ಅಭ್ಯಾಸವಿರಲಿಲ್ಲ.

"ನಾನೇ ಸಾರ್. ಎರಡು ತಿಂಗಳಿಂದ ನಾನೇ ಪಕ್ಕದಲ್ಲಿ ನಿಂತು ತಯಾರು ಮಾಡಿದ್ದು."

"ಭೇಷ್. ಹಾಗಾದ್ರೆ ಗುರುಗಳೂ ಒಂದು ಸುತ್ತು ತೋರಿಸಿಬಿಡಲಿ. ಅದೋ ನಿಮ್ಮ ಹಲಗೆ ರೆಡಿ ಇದೆಯಲ್ಲ."

ಹೆಡ್ ಕ್ಲರ್ಕ್ ಒಂದು ಹೆಜ್ಜೆ ಹಿಂದೆ ಸರಿದರು. ಆದರೆ ಬಾಯಿಂದ ಹೋದ ಮಾತು ಹೋಗಿತ್ತು. ಅವರು ಶಾಮಿಯಾನದಂಥ ಹಾಯಿಯ ಹಲಗೆಯನ್ನು ನೀರಿಗೆ ತಳ್ಳಿ ಹೇಗೋ ಹತ್ತಿ ನಿಂತರು. ಒಂದು ಗಾಳಿ ಬಂತು. ಹಾಯಿ ಅವರನ್ನು ಎತ್ತಿ, ತಲೆಯ ಮೇಲಿಂದ ಸಾಗಿಸಿ, ಆಚೆ ಕಡೆ ಬಡಿಯಿತು. ಎದ್ದ ನೀರು ಮೂವರು ಅತಿಥಿಗಳನ್ನೂ ಸಾಹೇಬರ ಹೊಸ ಕೋಟನ್ನೂ ಅಂಗಾಲಿನಿಂದ ನೆತ್ತಿಯವರೆಗೆ ತೊಳೆಯಿತು. ಎಂಥ ಬೀಳುವಿಕೆ ಅದು. ಸ್ಟೋರಿನವರು ಎರಡು ತಿಂಗಳು ಕೂತು ಕನಸು ಕಂಡಿದ್ದರೂ ಅಷ್ಟು ಚೆನ್ನಾಗಿ ಬೀಳಲು ಅವರಿಂದ ಆಗುತ್ತಿರಲಿಲ್ಲ. ಹೊಟ್ಟೆಕಿಚ್ಚಿನಿಂದ ಅವರು ಮುಖ ಆಚೆ ತಿರುಗಿಸಿದರು.

ಸಾಹೇಬರು ಕೂಗಾಡಲಿಲ್ಲ. ಕನ್ನಡಕ ಒರೆಸಿಕೊಂಡು, ದೋಣಿಯವನು ಎಳೆದುತಂದ ಹೆಡ್ ಕ್ಲರ್ಕಿಗೆ ನಾಳೆಯೇ ಬೆಟ್ಟದಾಚೆಯ ಪಂಪ್‌ಹೌಸಿಗೆ ಹೋಗಿ ಹಾಜರಾಗಲು ಹೇಳಿದರು. ಆಮೇಲೆ ಸ್ಟೋರಿನವರ ಹೆಗಲ ಮೇಲೆ ಕೈಯಿಟ್ಟರು.

"ನೀವು ಹೆದರ್ಬೇಡಿ. ನಾನು ಈ ಕುರ್ಚಿಯಲ್ಲಿ ಇರೋವರೆಗೂ ನಿಮ್ಮನ್ನ ಇಲ್ಲಿಂದ ಯಾರೂ ಅಲ್ಲಾಡಿಸೋಕೆ ಆಗಲ್ಲ. ಇನ್ನು ಹನ್ನೊಂದು ವರ್ಷ ಇದೆ ನನ್ನ ಸರ್ವೀಸು."

ಕಾರು ಹೋಯಿತು. ಕಚೇರಿಯವರು ಸ್ಟೋರಿನವರ ಕೈ ಕುಲುಕಿ ಕುಲುಕಿ ಮನೆಗೆ ಹೊರಟರು. ಇನ್ನು ಮುಂದೆ ಭಾನುವಾರವೂ ತರಬೇತಿ ಕೊಡಬೇಕಾಗುತ್ತದಂತೆ ಎಂಬ ಸಿಹಿಸುದ್ದಿಯನ್ನೂ ಯಾರೋ ಹೇಳಿ ಹೋದರು. ಸ್ಟೋರಿನವರು ಮರಳಿನ ಮೇಲೆ ತಲೆ ಮೇಲೆ ಕೈಹೊತ್ತು ಕೂತರು. ಹನ್ನೊಂದು ವರ್ಷಕ್ಕೆ ಮಗಳಿಗೆ ಎಷ್ಟು ವಯಸ್ಸಾಗುತ್ತದೆಂದು ಕೂಡಿಸಿ ನೋಡಿದರು, ನೋಡಬಾರದಿತ್ತು ಎನಿಸಿತು.

ಪಕ್ಕದಲ್ಲಿ ಟವೆಲ್ಲು ಹೊದ್ದು, ಹಲ್ಲು ಕಟಕಟ ಎನ್ನುತ್ತ ಹೆಡ್ ಕ್ಲರ್ಕ್ ಬಂದು ಕೂತರು. ಹುಟ್ಟಿದ ಊರು ಬಿಟ್ಟು ಅವರು ಒಂದು ರಾತ್ರಿಯೂ ಹೊರಗೆ ಮಲಗಿದವರಲ್ಲ. ಮೂಗೆಳೆಯುತ್ತ ತಗ್ಗಿದ ದನಿಯಲ್ಲಿ ಮಾತಾಡಿದರು.

"ಸ್ಟೋರಿನೋರೇ, ನಿಮ್ಮ ಮನೆಯವರು ಆ ಊರಲ್ಲೇ ಇದಾರಲ್ವಾ? ನಂಗೆ ಅಲ್ಲಿ ಒಂದು ನರಪಿಳ್ಳೇನೂ ಗೊತ್ತಿಲ್ಲ. ಒಂದು ಬಾಡಿಗೆ ಮನೆ ನೋಡೋಕೆ ಹೇಳ್ತೀರಾ? ನಿಮ್ಮ ಮನೆ ಹತ್ರಾನೇ ಆದ್ರೆ ಒಳ್ಳೇದು, ಸಂಜೆ ಹೊತ್ತು ಮಾತಾಡೋಕೆ ಯಾರಾದ್ರೂ ಸಿಗ್ತಾರೆ."

ಸ್ಟೋರಿನವರು ದಡದಲ್ಲಿ ಕಳಚಿಟ್ಟಿದ್ದ ಅಂಗಿಯ ಜೇಬಿನಿಂದ ಫೋನು ತೆಗೆದು ಮನೆಗೆ ಮಾಡಿದರು. ಒಂದೇ ರಿಂಗಿಗೆ ಮಗಳು ಎತ್ತಿಕೊಂಡಳು.

"ಅಪ್ಪಾ, ಬಿದ್ಯಾ?"

"ಇಲ್ಲ ಪುಟ್ಟಿ." ಅವರು ಕಾಲಿಗಂಟಿದ ಮರಳು ಕೊಡವಿಕೊಂಡರು. "ನಮ್ಮ ಹೆಡ್ ಕ್ಲರ್ಕ್ ಮಾಮ ಬಿದ್ರು. ನಾಳೆ ಅವರು ಅಲ್ಲಿಗೆ ಬರ್ತಾರೆ. ಅಮ್ಮಂಗೆ ಫೋನ್ ಕೊಡು, ಅವರಿಗೊಂದು ಮನೆ ಬೇಕಂತೆ."

ಅತ್ತ ಕಡೆ ಮಗಳು ಒಳಗಿನ ಕೋಣೆಗೆ ಕೂಗಿ ಹೇಳಿದ್ದು ಕೇಳಿಸಿತು.

"ಅಮ್ಮಾ, ಅಪ್ಪಂಗೆ ಬೀಳೋಕೆ ಬರ್ಲಿಲ್ವಂತೆ. ಬೇರೆ ಯಾರೋ ಚೆನ್ನಾಗಿ ಬಿದ್ರಂತೆ, ಅವರೇ ಬರ್ತಾರಂತೆ."