ಕೈಬಿಡುವ ನಿಯಮ

ಎಲ್ಲದಕ್ಕೂ ಮೂಲ ಆ ಹಾಳು ಇಂಟರ್ನೆಟ್ಟು. ಮಧ್ಯಾಹ್ನ ಮೂರಕ್ಕೆ ಸಭೆ. ಎರಡೂ ಮುಕ್ಕಾಲಿಗೆ ಸರಿಯಾಗಿ ಅದು ಕೈಕೊಟ್ಟಿತು.

ಆಗ್ಲಿರಾಯ ಕುರ್ಚಿಯಿಂದ ಎದ್ದುಬಿಟ್ಟ. ಯಾರು ಏನು ಕೇಳಿದರೂ "ಆಗ್ಲಿ ಬಿಡಿ" ಅನ್ನುವುದರಿಂದ ಬಂದ ಹೆಸರದು. ಹನ್ನೊಂದು ವರ್ಷದ ಹಿಂದೆ ವೆಬ್‌ಸೈಟ್ ಕಟ್ಟುವುದಕ್ಕೆಂದು ಸಿದ್ಧ ಚೌಕಟ್ಟಿನಂಥ ಒಂದು ಫ್ರೇಮ್‌ವರ್ಕ್ ಬರೆದು, ಯಾರು ಬೇಕಾದರೂ ಬಳಸಿ, ಯಾರು ಬೇಕಾದರೂ ತಿದ್ದಿ ಎಂದು ಲೋಕಕ್ಕೆ ಕೊಟ್ಟುಬಿಟ್ಟಿದ್ದ. ಲೋಕ ಬಳಸಿತು. ತಿದ್ದುವ ಕೆಲಸವನ್ನು ಮಾತ್ರ ಇವನ ತಲೆಗೇ ಕಟ್ಟಿತು. ಮುಂದಿನ ಐದು ವರ್ಷ ಅದು ಯಾವ ದಾರಿ ಹಿಡಿಯಬೇಕು, ಬೇರೆಯವರು ಬರೆದ ಯಾವ ಲೈಬ್ರರಿಗಳನ್ನು, ಅಂದರೆ ಸಿದ್ಧ ಪ್ರೋಗ್ರಾಂ ಕಟ್ಟುಗಳನ್ನು, ನೆಚ್ಚಿಕೊಂಡಿರಬೇಕು ಎಂದು ಇವತ್ತು ತೀರ್ಮಾನ. ಅದಾದ ಕೂಡಲೇ ಇವನ ರಾಜೀನಾಮೆ.

ಹೆಂಡತಿ, ಹಲ್ಲಿನ ಡಾಕ್ಟರು, ಬೆಳಿಗ್ಗೆಯೇ ಹೇಳಿದ್ದಳು: "ನೋಡಿ, ಇವತ್ತು ಬಿಟ್ಟುಬಿಡ್ತೀರಿ. ಸಂಜೆಯಿಂದಲೇ ನಾನು, ನೀವು, ಮಗಳು ಈಜು ಕಲಿಯೋಕೆ ಹೋಗ್ತೀವಿ. ಹನ್ನೊಂದು ವರ್ಷ ನಿಮ್ಮ ಬೆನ್ನು ನೋಡಿ ನೋಡಿ ಮುಖವೇ ಮರೆತುಹೋಗಿದೆ."

ಇಷ್ಟು ಕಾಲ ಸಹಿಸಿಕೊಂಡಳಲ್ಲ ಎಂದು ಅವನ ಕಣ್ಣು ತುಂಬಿ ಬಂದಿತ್ತು. ಈ ಮಾತನ್ನಾದರೂ ಉಳಿಸಿಕೊಳ್ಳಲೇಬೇಕು.

ಲ್ಯಾಪ್‌ಟಾಪ್ ಅವುಚಿಕೊಂಡು ಎದುರು ಮನೆಗೆ ಓಡಿದ. ನಿವೃತ್ತ ವಕೀಲರ ಹೆಂಡತಿ ಬಾಗಿಲು ತೆಗೆದರು. ವಕೀಲರು "ಸಭೆಯಾ? ನಾನೂ ಕೂತ್ಕೋತೀನಿ" ಎಂದು ಪಕ್ಕಕ್ಕೆ ಕುರ್ಚಿ ಎಳೆದೇಬಿಟ್ಟರು.

ಪರದೆ ಮೇಲೆ ಒಂಬತ್ತು ಮುಖ. ಮೊದಲು ಬಾಯಿ ತೆರೆದವಳು ಕತ್ತರಿ. ಬೇಡದ್ದನ್ನೆಲ್ಲ ಕತ್ತರಿಸಿ ಬಿಸಾಡುವ ಹುಡುಗಿ. "ದಿನಾಂಕ ಲೆಕ್ಕ ಹಾಕೋ ಲೈಬ್ರರಿ ಕೈಬಿಡೋಣ. ಒಬ್ಬರೇ ನೋಡ್ಕೊಳ್ತಿದ್ದಾರೆ. ಏನು ಕೇಳಿದ್ರೂ ನಾಲ್ಕು ದಿನಕ್ಕೆ ಉತ್ತರ."

ಆ ಒಬ್ಬರೆಂದರೆ ಗಡಿಯಾರದ ಅಜ್ಜ. ರಿಪೇರಿ ಅಂಗಡಿ ಮುಚ್ಚಿದ ಮೇಲೆ ಪ್ರೋಗ್ರಾಮಿಂಗ್ ಕಲಿತವರು. ಪರದೆಯ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಆಗ್ಲಿರಾಯ ಅವರನ್ನೇ ನೋಡಿದ. ಅವನ ಮಗಳು ಹುಟ್ಟಿದ್ದು ಫೆಬ್ರವರಿ ಇಪ್ಪತ್ತೊಂಬತ್ತಕ್ಕೆ. ಆ ತಾರೀಖು ಕಂಡು ಕಕ್ಕಾಬಿಕ್ಕಿಯಾದ ವೆಬ್‌ಸೈಟುಗಳೆಲ್ಲ ಅವತ್ತು ಮಕಾಡೆ ಮಲಗಿದ್ದವು. "ನೀವು ಮಗು ಎತ್ಕೊಳ್ಳಿ, ಇದನ್ನ ನಾನು ನೋಡ್ಕೋತೀನಿ" ಎಂದು ಇದೇ ಅಜ್ಜ ಇಡೀ ದಿನ ಕೂತು ಸರಿಮಾಡಿದ್ದರು. ಅದನ್ನೆಲ್ಲಾದರೂ ಮರೆಯೋಕಾಗುತ್ತಾ?

"ಆಗಲ್ಲ!" ಎಂದ. ಅವನ ಬಾಯಲ್ಲಿ ಆ ಮಾತು ಹೊಸದು. ಒಂಬತ್ತು ಮುಖವೂ ಬೆಚ್ಚಿದವು. "ನೆಚ್ಚಿಕೊಂಡವರನ್ನ ಹೀಗೆ ದಬ್ಬೋದಾ? ನಿಯಮ ಮಾಡೋಣ. ಲೈಬ್ರರಿ ಕೈಬಿಡೋ ಮುಂಚೆ ಅದೇ ಕೆಲಸಕ್ಕೆ ಇಬ್ಬರು ತಯಾರಿರಬೇಕು."

"ಸಡಿಲ, ತೀರಾ ಸಡಿಲ," ವಕೀಲರು ಕಿವಿಯಲ್ಲಿ ಪಿಸುಗುಟ್ಟಿದರು. "ಲೈಬ್ರರಿ ಅಂದ್ರೆ ನುಣುಚಿಕೊಳ್ತಾರೆ. 'ಯಾವುದನ್ನೇ ಆಗಲಿ, ಯಾರನ್ನೇ ಆಗಲಿ' ಅಂತ ಹಾಕಿ. ಆ ಇಬ್ಬರು ಮೊದಲಿನವರ ಜೊತೆ ಎರಡು ವರ್ಷ ದುಡಿದಿರಬೇಕು ಅಂತ ಹಾಕಿ. ಐದು ವರ್ಷ ಈ ನಿಯಮ ತಿದ್ದೋ ಹಾಗಿಲ್ಲ, ಅದನ್ನೂ ಹಾಕಿ."

"ಆಗ್ಲಿ ಬಿಡಿ," ಎಂದು ಎಲ್ಲವನ್ನೂ ಹಾಕಿದ.

ಅಜ್ಜನದೊಂದು ಬಿಟ್ಟು ಎಲ್ಲರ ಕೈಗಳೂ ಎದ್ದವು. ಅಜ್ಜ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಪಾಪ, ಸಂತೋಷ ತಡೆಯಲಾಗುತ್ತಿಲ್ಲ ಎಂದುಕೊಂಡ ಆಗ್ಲಿರಾಯ ಪರದೆಯ ಹತ್ತಿರಕ್ಕೆ ಬಾಗಿದ.

"ಇನ್ನೊಂದು ಮಾತು. ಮುಖ ಪರಿಚಯ ಇಲ್ಲದವರು ಕೂಡ ಇಷ್ಟು ವರ್ಷ ನನ್ನ ತಪ್ಪು ತಿದ್ದಿದ್ದೀರಿ, ಬಿದ್ದಾಗ ಎತ್ತಿದ್ದೀರಿ. ನಾನು ಪುಣ್ಯವಂತ. ಇವತ್ತಿಗೆ ನನ್ನನ್ನ ಬಿಟ್ಟುಕೊಡಿ. ಇನ್ನು ಕತ್ತರಿ ನೋಡ್ಕೋತಾಳೆ."

ಅಜ್ಜ ಕೆಮ್ಮಿದರು. "ಒಬ್ಬಳಾಯ್ತು. ಇನ್ನೊಬ್ಬರು ಯಾರಪ್ಪಾ?"

"ಅಂದ್ರೆ?"

"'ಯಾರನ್ನೇ ಆಗಲಿ' ಅಂತ ಈಗ ತಾನೇ ನೀವೇ ಬರೆದ್ರಲ್ಲ."

"ಬಹಳ ಸರಿ," ಎಂದು ವಕೀಲರು ತೊಡೆ ತಟ್ಟಿದರು. "ಎಲ್ಲೂ ಒಂದು ತೂತಿಲ್ಲ ನೋಡಿ!"

"ಅಜ್ಜಾ, ನಿಮಗೋಸ್ಕರ ಮಾಡಿದ ನಿಯಮ ಅದು!"

"ಗೊತ್ತು. ನಿಮ್ಮಂಥವರು ಸಿಕ್ಕಿದ್ದು ನನ್ನ ಭಾಗ್ಯ. ಆದರೆ ನನಗೀಗ ಎಪ್ಪತ್ತೆಂಟು, ಕಣ್ಣು ಮಂಜು. ನನ್ನ ಕೈಬಿಡಿ ಅಂತ ಆ ಹುಡುಗಿ ಹತ್ರ ನಾನೇ ಹೇಳಿಸಿದ್ದು. ನಿಮಗೆ ನೇರವಾಗಿ ಹೇಳೋಕೆ ಬಾಯಿ ಬರಲಿಲ್ಲ." ಕನ್ನಡಕ ಏರಿಸಿಕೊಂಡರು. "ಇರಲಿ. ಎರಡು ವರ್ಷ ಜೊತೆಗೇ ಇರೋಣ. ಒಬ್ಬನೇ ಸಿಕ್ಕಿಹಾಕಿಕೊಂಡಿದ್ರೆ ನನಗೂ ಬೇಜಾರಾಗ್ತಿತ್ತು."

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಪಕ್ಕದಲ್ಲಿ ಮಗಳು, ಕೈಯಲ್ಲಿ ಮೂರು ಈಜು ಟೋಪಿ. "ಬಿಟ್ರಾ?"

ಆಗ್ಲಿರಾಯ ನೆಲ ನೋಡಿದ. ಅವಳು ಒಂದು ಗಳಿಗೆ ಅವನನ್ನೇ ನೋಡಿ, ಮೂರನೇ ಟೋಪಿಯನ್ನು ವಕೀಲರ ಹೆಂಡತಿಯ ಕೈಗಿಟ್ಟಳು.

"ನಿಯಮದ ಪ್ರಕಾರ ಒಬ್ಬರ ಜಾಗಕ್ಕೆ ಇಬ್ಬರು ಬೇಕು," ಎನ್ನುತ್ತ ವಕೀಲರೂ ಟವೆಲ್ ಹುಡುಕಲು ಒಳಗೆ ಹೋದರು.