ಕರಿ ಹಂದಿ, ಬಿಳಿ ಹಂದಿ ಮತ್ತು ಒಳಗಿನ ಕೊಬ್ಬು

ನನಗೆ ಎಲ್ಲದರ ಮೇಲೂ ಅನುಮಾನ. ಈಚೆಗೆ ನನ್ನ ನೆನಪಿನ ಮೇಲೂ ಅನುಮಾನ ಬಂದಿರುವುದರಿಂದ, ಈ ಗುಣವನ್ನು ವಿಶ್ವವಿದ್ಯಾಲಯದಲ್ಲಿ ಕಲಿತೆನೋ ಮದುವೆಯಾದ ಮೇಲೆ ಕಲಿತೆನೋ ಹೇಳಲಾರೆ. ಪಶುವಿಜ್ಞಾನದಲ್ಲಿ ನಾನು ಬರೆದ ಪ್ರಬಂಧ ಹಂದಿಯ ಮೇಲೆ ಎಂಬುದಷ್ಟೇ ಖಚಿತ. ಬೈಂಡು ಮಾಡಿಸಿದ ಪ್ರತಿ ಮನೆಯಲ್ಲಿದೆ, ಹೆಂಡತಿ ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಡುತ್ತಾಳೆ. ಚರ್ಮದಡಿಯ ಕೊಬ್ಬು ಬೇರೆ, ಮಾಂಸದ ಎಳೆಗಳ ನಡುವೆ ಸಣ್ಣಗೆ ಹರಡುವ ಕೊಬ್ಬು ಬೇರೆ. ರುಚಿ ಎರಡನೆಯದರಲ್ಲಿದೆ, ಅದು ತಳಿಯಿಂದ ತಳಿಗೆ ಬದಲಾಗುತ್ತದೆ, ನಮ್ಮ ನಾಟಿ ಕರಿ ಹಂದಿಯಲ್ಲಿ ಹೆಚ್ಚು ಎಂಬುದು ಅದರ ಸಾರ.

ಚನ್ನಪಟ್ಟಣದ ಪಕ್ಕದಲ್ಲಿರುವ ಭಾವಮೈದ ಕೆಂಪಣ್ಣ ಇದನ್ನು ನಂಬಲಿಲ್ಲ. ಫಾರಮ್ಮಿನ ಬಿಳಿ ಹಂದಿ ಸಾಕಲು ಹೊರಟಿದ್ದ ಅವನು, ತಾಯಿ ಮುದ್ದಿನಿಂದ ಸಾಕಿದ್ದ ಕರಿ ಹೆಣ್ಣು ಹಂದಿಯನ್ನು ಭಾನುವಾರ ಹಾರೋಹಳ್ಳಿಯ ಹಂದಿ ವ್ಯಾಪಾರಿಗಳಿಗೆ ಮಾರುತ್ತೇನೆಂದು ಮಾತು ಕೊಟ್ಟಿದ್ದ.

“ಬಿಳೀದು ಬಿರ್ರನೆ ಬೆಳೀತದೆ ಭಾವ. ಈ ಕರೀದು ತಿಂದಿದ್ದೆಲ್ಲ ಎಲ್ಲಿಗೋಯ್ತದೋ!”

“ನೀನು ತಿಂದಿದ್ದು ಎಲ್ಲಿಗೋಯ್ತದ್ಲಾ?” ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, “ಅಳಿಮಯ್ಯ, ಓದಿರೋರು ನೀವು, ಒಸಿ ಹೇಳಿ ಇವನ್ಗೆ.”

ಹೇಳುವುದೇಕೆ, ಪರೀಕ್ಷೆಯನ್ನೇ ಮಾಡೋಣ ಎಂದೆ. ಭಾನುವಾರ ಬೆಳಗ್ಗೆ ಊರಿನವರು ಆ ಹಂದಿಯದೇ ಹಳೆಯ ಸೂಲಿನ, ಬೆಳೆದ ಮರಿಯೊಂದನ್ನು ಕೊಯ್ದು ಪಾಲು ಹಾಕಿಕೊಂಡಿದ್ದರು; ಕರಿಯದರ ಮಾಂಸ ನಮ್ಮ ಪಾಲಿನದು. ಬಿಳಿಯದರ ಮಾಂಸ ಹೆದ್ದಾರಿಯ ಅಂಗಡಿಯಿಂದ ಬಂತು. ಎರಡರದ್ದೂ ಬೆನ್ನಿನ ಭಾಗ; ಚರ್ಮ, ಹೊರಗಿನ ಕೊಬ್ಬು ತೆಗೆದು ನಾನೇ ಕತ್ತರಿಸಿ, ಯಾರೂ ಇಲ್ಲದಾಗ ಹಿತ್ತಿಲ ಒಲೆಯ ಎರಡು ಮಡಕೆಗಳಿಗೆ ಹಾಕಿದೆ. ಮಸಾಲೆ ಅತ್ತೆಯದು, ಎರಡಕ್ಕೂ ಒಂದೇ. ಒಂದರ ಮುಂದೆ ಕೆಂಪು ಬುಗುರಿ, ಇನ್ನೊಂದರ ಮುಂದೆ ಹಳದಿ ಬುಗುರಿ ಇಟ್ಟೆ. ಯಾವ ಬಣ್ಣಕ್ಕೆ ಯಾವ ಹಂದಿ ಎಂದು ಚೀಟಿಯಲ್ಲಿ ಬರೆದರೆ ಕೆಂಪಣ್ಣ ಕದ್ದು ನೋಡಿಯಾನು ಎಂಬ ಅನುಮಾನದಿಂದ ತಲೆಯಲ್ಲೇ ಇಟ್ಟುಕೊಂಡೆ.

ಮಧ್ಯಾಹ್ನ ಮುದ್ದೆಯ ಜೊತೆ ಬಡಿಸಿದರು. ಕೆಂಪಣ್ಣ ಹಳದಿ ಬುಗುರಿಯದನ್ನು ತಿಂದು ಇನ್ನೊಂದಕ್ಕೆ ಕೈ ಹಾಕಿದ. ಕೆಂಪು ಬುಗುರಿಯದನ್ನು ಬಾಯಿಗಿಟ್ಟವನು ಕಣ್ಣು ಮುಚ್ಚಿದ.

“ಬೆಣ್ಣೆ ಕಣ್ ಭಾವ! ಹಲ್ಲೇ ಬ್ಯಾಡ. ಯಾವ್ದಿದು?”

ಅತ್ತೆ ಸೌಟು ಹಿಡಿದು ನಿಂತುಬಿಟ್ಟರು. ಬೇಲಿಯಾಚೆ ಹಾರೋಹಳ್ಳಿಯ ವ್ಯಾನು ಬಂದು ನಿಂತಿತ್ತು. ಹಗ್ಗ ಹಿಡಿದವನೊಬ್ಬ ಇಳಿಯುತ್ತಿದ್ದ. ನಾನು ಬುಗುರಿಯನ್ನು ದಿಟ್ಟಿಸಿದೆ. ಕೆಂಪು ಕರಿಯದಕ್ಕೋ, ಬಿಳಿಯದಕ್ಕೋ? ಬೆಳಗ್ಗೆ ಏನೋ ಒಳ್ಳೆಯ ಕಾರಣ ಕೊಟ್ಟುಕೊಂಡೇ ಆರಿಸಿದ್ದೆ. ಆ ಕಾರಣವೂ ನೆನಪಿರಲಿಲ್ಲ.

“ಕರೀದು” ಎಂದೆ. ನನ್ನ ಧ್ವನಿ ಅಷ್ಟು ಗಟ್ಟಿಯಾಗಿ ಹಿಂದೆಂದೂ ಹೊರಟಿರಲಿಲ್ಲ.

ಕೆಂಪಣ್ಣ ಎಂಜಲು ಕೈಯಲ್ಲೇ ಎದ್ದುಹೋದ. “ವ್ಯಾನ್ ತಿರುಗಿಸ್ಕಳಪ್ಪ, ಕೊಡಾಕಿಲ್ಲ!”

ಹಂದಿ ಉಳಿಯಿತು. ಈಗ ಅವನು ಮಾಗಡಿಯಿಂದ ಕನಕಪುರದವರೆಗೆ ಸಿಕ್ಕವರಿಗೆಲ್ಲ, “ನಮ್ ಭಾವ ಸೈನ್ಸಲ್ಲೇ ಪ್ರೂವ್ ಮಾಡವ್ರೆ” ಎನ್ನುತ್ತಾನೆ. ನನ್ನ ಪ್ರಬಂಧವನ್ನು ಪರೀಕ್ಷಕರು ಮೂರು ಸಲ ತಿದ್ದಿಸಿದ್ದರು. ಯಾರೂ ಒಂದು ಪ್ರಶ್ನೆಯನ್ನೂ ಕೇಳದೆ ಒಪ್ಪಿಕೊಂಡ ನನ್ನ ಸಂಶೋಧನೆ ಇದೊಂದೇ. ಇದನ್ನು ಅನುಮಾನಿಸುವವನು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ.